ಬಾಡಿ ಎತ್ತುವ ಮೊದಲು ಏನು ತಿಳಿದಿರಬೇಕು? ಟ್ರಯಂಫ್ ಸ್ಪಿಟ್‌ಫೈರ್ ಬಿಚ್ಚಿ ನೋಡಿದಾಗ

ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಮಾರುವವರು ಜಾಹೀರಾತಿನಲ್ಲಿ 'ಬಾಡಿ-ಆಫ್ ರೆಸ್ಟೊರೇಷನ್ ಆಗಿದೆ' ಎಂದು ಒಂದು ಸಾಲು ಸೇರಿಸಿದರೆ ಸಾಕು, ಬೆಲೆ ಮೇಲಕ್ಕೆ ಹೋಗುತ್ತದೆ. ಬಾಡಿಯನ್ನು ಚಾಸಿಸ್ ಎಂಬ ಚೌಕಟ್ಟಿನಿಂದ ಪೂರ್ತಿ ಬಿಚ್ಚಿ, ದುರಸ್ತಿ ಮಾಡಿ ಮತ್ತೆ ಕೂರಿಸಿದ್ದಾರೆ ಎಂದು ಅದರ ಅರ್ಥ. ಕೇಳಲು ದೊಡ್ಡ ಕೆಲಸದಂತಿದೆ, ಆದರೆ ಬಾಡಿ ಎತ್ತಿ ಇಳಿಸಿದ್ದಾರೆ ಎಂದಮಾತ್ರಕ್ಕೆ ಕಾರು ಗಟ್ಟಿಯಾಗಿದೆ ಎಂದಾಗುವುದಿಲ್ಲ. ಸರಿಯಾಗಿ ಎತ್ತದಿದ್ದರೆ ಚೆನ್ನಾಗಿದ್ದ ಕಾರೂ ಸೊಟ್ಟಗಾಗುತ್ತದೆ.

ಇಂಗ್ಲೆಂಡಿನಲ್ಲಿ ನೆಲೆಸಿ ವಾರಾಂತ್ಯದ ಓಡಾಟಕ್ಕೆ ಇಂಥದ್ದೊಂದು ಕಾರು ಹುಡುಕುವ ಕನ್ನಡಿಗರು ಇದನ್ನು ತಿಳಿದಿರಬೇಕು. ಭಾರತದಲ್ಲಿ ಅಜ್ಜನ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡನ್ನು ಮತ್ತೆ ರಸ್ತೆಗಿಳಿಸಲು ಹೊರಟವರಿಗೂ ಇದು ಬೇಕು, ಯಾಕೆಂದರೆ ಕಾನೂನು ಬದಲಾಗಿದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು, ಬೈಕುಗಳು 'ವಿಎ' ಅಕ್ಷರವಿರುವ ವಿಂಟೇಜ್ ನಂಬರ್ ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಷರತ್ತು ಏನೆಂದರೆ ವಾಹನ ಮೂಲರೂಪದಲ್ಲಿರಬೇಕು, ಚಾಸಿಸ್, ಬಾಡಿ ಶೆಲ್ ಅಥವಾ ಎಂಜಿನ್ನನ್ನು ಮಾರ್ಪಡಿಸಿರಬಾರದು. ಹಾಗಾಗಿ ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಅದೇ ಆಕಾರದ ತಗಡು ಕೂರಿಸುವುದಕ್ಕೂ, ತೋಚಿದಂತೆ ಪಟ್ಟಿ ಬಡಿದು ಬೆಸೆಯುವುದಕ್ಕೂ ಇರುವ ವ್ಯತ್ಯಾಸ ಕಾಗದಪತ್ರದ ಮಟ್ಟದಲ್ಲೂ ಮುಖ್ಯ. ಕೆಲಸದ ಪ್ರತಿ ಹಂತದ ಫೋಟೊ ಇಟ್ಟುಕೊಳ್ಳಿ.

ಎಲ್ಲ ಕಾರುಗಳ ಬಾಡಿಯೂ ಬಿಚ್ಚಿಕೊಳ್ಳುವುದಿಲ್ಲ

ಚಾಸಿಸ್ ಎಂದರೆ ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲವನ್ನೂ ಹೊರುವ ಉಕ್ಕಿನ ಚೌಕಟ್ಟು. ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ತಗಡಿನ ಗೂಡೇ ಬಾಡಿ. ಎರಡೂ ಬೇರೆ ಬೇರೆ ಇದ್ದರಷ್ಟೇ ಬಾಡಿ ಎತ್ತುವ ಮಾತು.

1962ರಿಂದ 1980ರವರೆಗೆ ಬಂದ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಬೇರೆ ಚಾಸಿಸ್ಸೇ ಇಲ್ಲ. ತಗಡಿನ ಗೂಡೇ ಎಲ್ಲ ಭಾರ ಹೊರುತ್ತದೆ. ಇದಕ್ಕೆ ಮೊನೊಕಾಕ್ ಎನ್ನುತ್ತಾರೆ. ಅದರ ಬಾಡಿ ತೀರಾ ಹಾಳಾದರೆ ಇಡೀ ಶೆಲ್ ಬದಲಿಸಬೇಕು. ಅದಕ್ಕೆಂದೇ ಆಕ್ಸ್‌ಫರ್ಡ್‌ಷೈರಿನ ವಿಟ್ನಿಯಲ್ಲಿರುವ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಲ್ಲಿ ಹೊಸ ಎಂಜಿಬಿ ಶೆಲ್‌ಗಳನ್ನು ಮಾರುಕಟ್ಟೆಗೆ ತಂದಿತು. ಆಸ್ಟಿನ್-ಹೀಲಿ 3000ರಲ್ಲಿ ಚೌಕಟ್ಟೇನೋ ಕಾಣಿಸುತ್ತದೆ, ಆದರೆ ಬಾಡಿಯ ಒಳಗೂಡನ್ನು ಅದಕ್ಕೇ ವೆಲ್ಡ್ ಮಾಡಿರುತ್ತಾರೆ. ಟ್ರಯಂಫ್‌ನ ಟಿಆರ್2ರಿಂದ ಟಿಆರ್6ರವರೆಗಿನ ಕಾರುಗಳಲ್ಲಿ ಮತ್ತು ಸ್ಪಿಟ್‌ಫೈರ್‌ನಲ್ಲಿ ಬಾಡಿಯನ್ನು ನಿಜಕ್ಕೂ ಬಿಚ್ಚಬಹುದು.

ಇವುಗಳಲ್ಲಿ ಸ್ಪಿಟ್‌ಫೈರ್ ನಮಗೆ ದೂರದ ಸಂಬಂಧಿ. ಕವೆಂಟ್ರಿಯ ಕ್ಯಾನ್ಲಿ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಎರಡು ಸೀಟಿನ ಕಾರಿನ ಮೂಲ ಟ್ರಯಂಫ್ ಹೆರಾಲ್ಡ್. ಅದೇ ಹೆರಾಲ್ಡನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ತಯಾರಿಸಿತು, ಅದು ಬೆಂಗಳೂರು, ಮೈಸೂರಿನ ರಸ್ತೆಗಳಲ್ಲೂ ಓಡಿತು. ಎರಡರ ವಿನ್ಯಾಸವೂ ಇಟಲಿಯ ಜಿಯೊವಾನಿ ಮಿಕೆಲೊಟ್ಟಿಯದು. ಆದರೆ ಚಾಸಿಸ್‌ನಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಈ ಲೇಖನದ ಮುಕ್ಕಾಲು ಪಾಲು ಅದನ್ನೇ ಕುರಿತದ್ದು.

ಸಿಲ್ ಎಂಬ ತೊಲೆ

ಬಾಗಿಲು ತೆಗೆದು ಒಳಗೆ ಕಾಲಿಡುವಾಗ ದಾಟುವ ಉದ್ದನೆಯ ಹೊಸ್ತಿಲಿನಂಥ ಭಾಗವೇ ಸಿಲ್. ಹೆರಾಲ್ಡ್‌ನ ಚಾಸಿಸ್‌ಗೆ ಎರಡೂ ಅಂಚಿನಲ್ಲಿ ಉದ್ದಕ್ಕೆ ಸಾಗುವ ಉಕ್ಕಿನ ಪಟ್ಟಿಗಳಿವೆ. ಹಾಗಾಗಿ ಅದರ ಹೊರ ಸಿಲ್ ಬರೀ ಅಲಂಕಾರ, ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಸ್ಪಿಟ್‌ಫೈರ್ ತಗ್ಗಾಗಿ, ಹಗುರಾಗಿ ಇರಬೇಕೆಂದು ಆ ಅಂಚಿನ ಪಟ್ಟಿಗಳನ್ನೇ ತೆಗೆದರು. ಉಳಿದದ್ದು ನಡುವೆ ಸಾಗುವ ಬೆನ್ನೆಲುಬು. ಎರಡು ಉಕ್ಕಿನ ಪೆಟ್ಟಿಗೆ-ತೊಲೆಗಳು ಕಾರಿನ ಮಧ್ಯದಲ್ಲಿ ಹತ್ತಿರ ಬಂದು, ಮುಂದೆ ಎಂಜಿನ್ನಿಗೂ ಹಿಂದೆ ಎರಡು ಚಕ್ರಗಳಿಗೆ ಎಂಜಿನ್ ಬಲ ಹಂಚುವ ಡಿಫರೆನ್ಷಿಯಲ್‌ಗೂ ಜಾಗ ಬಿಟ್ಟು ಅಗಲವಾಗುತ್ತವೆ. ಅಂಚಿನ ಬಿಗಿಯನ್ನು ಬಾಡಿಯ ಸಿಲ್‌ಗಳೇ ಕೊಡಬೇಕು.

ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆಯನ್ನು ಎರಡೂ ತುದಿ ಹಿಡಿದು ತಿರುಚಿ ನೋಡಿ, ಸಲೀಸಾಗಿ ತಿರುಚಿಕೊಳ್ಳುತ್ತದೆ. ಅದರ ಎರಡು ಬದಿಗಳಲ್ಲಿ ಬಾಗಿಲಿನಷ್ಟು ದೊಡ್ಡ ಕಿಂಡಿ ಕೊರೆದರೆ ಕೆಳಗೆ ಉಳಿಯುವ ಸಣ್ಣ ಪಟ್ಟಿಯೇ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಟ್ಟುಕೊಳ್ಳಬೇಕು. ತೆರೆದ ಕಾರಿನಲ್ಲಿ ಆ ಪಟ್ಟಿಯೇ ಸಿಲ್.

ಸ್ಪಿಟ್‌ಫೈರ್‌ನ ಸಿಲ್‌ನಲ್ಲಿ ಮೂರು ಪದರಗಳಿವೆ: ನೆಲದ ತಗಡಿಗೆ ಸೇರುವ ಒಳ ಸಿಲ್, ನಡುವೆ ನಿಲ್ಲುವ ಬಲವರ್ಧಕ ತಗಡು, ಕಣ್ಣಿಗೆ ಕಾಣುವ ಹೊರ ಸಿಲ್. ಮೂರೂ ಸೇರಿದಾಗಲೇ ಅದು ತೊಲೆ. ಹೊರಗಿನದೊಂದನ್ನು ಬದಲಿಸಿ ಬಣ್ಣ ಹೊಡೆದರೆ ಕಾರು ಹೊಸದರಂತೆ ಕಾಣುತ್ತದೆ, ಆದರೆ ಬಲ ಬಂದಿರುವುದಿಲ್ಲ. ಹಳೇ ಸಿಲ್ ಕತ್ತರಿಸದೆ ಅದರ ಮೇಲೇ ಹೊಸ ತಗಡು ಮುಚ್ಚಿ ಬೆಸೆಯುವುದು ಇನ್ನೂ ಕೆಟ್ಟದ್ದು. ಒಳಗಿನ ತುಕ್ಕು ಕತ್ತಲಲ್ಲಿ ಆರಾಮವಾಗಿ ಬೆಳೆಯುತ್ತದೆ. ಮಾರಾಟಕ್ಕೆ ಸಿಗುವ ಕಾರುಗಳಲ್ಲಿ ಇದು ತೀರಾ ಮಾಮೂಲು.

ತುಕ್ಕು ಎಲ್ಲಿ ಕೂತಿರುತ್ತದೆ

ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು, ಚಕ್ರ ಎಸೆಯುವ ಕೆಸರಿನೊಂದಿಗೆ ಸೇರಿ ಸಿಲ್‌ನ ತುದಿಗಳಲ್ಲಿ ಅಂಟಿಕೊಳ್ಳುತ್ತದೆ. ನೀರು ಹರಿದುಹೋಗಲು ತಳದಲ್ಲಿ ಬಿಟ್ಟ ತೂತುಗಳು ಕಟ್ಟಿಕೊಂಡರೆ ಸಿಲ್ ಒಳಗಿಂದ ಹೊರಕ್ಕೆ ಕೊಳೆಯುತ್ತದೆ.

ನೋಡುವುದು ಕಷ್ಟವಲ್ಲ. ಸ್ಪಿಟ್‌ಫೈರ್‌ನ ಬಾನೆಟ್ ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುವುದರಿಂದ, ಅದನ್ನೆತ್ತಿದರೆ ಸಿಲ್‌ನ ಮುಂತುದಿಯೂ ಬಾಗಿಲಿನ ಹಿಂಜ್ ಕೂರುವ ಮುಂಗಂಬವೂ ಎದುರಿಗೇ ಸಿಗುತ್ತವೆ. ಅಲ್ಲಿ ತಳದ ರಕ್ಷಣೆಗೆ ಬಳಿಯುವ ದಪ್ಪನೆಯ ಕಪ್ಪು ಅಂಡರ್‌ಸೀಲ್ ಮೆತ್ತಿದ್ದರೆ ಅನುಮಾನಿಸಿ. ಸಿಲ್‌ನುದ್ದಕ್ಕೂ ಅಯಸ್ಕಾಂತ ಓಡಿಸಿ, ಅಂಟದ ಕಡೆ ಪುಟ್ಟಿ ಇರುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಗಟ್ಟಿ ತಗಡು ಟಣ್ ಎನ್ನುತ್ತದೆ, ಪುಟ್ಟಿ ತುಂಬಿದ ಜಾಗ ಸತ್ತ ಸದ್ದು ಕೊಡುತ್ತದೆ.

ಬಾಗಿಲಿನ ಸಂದು ಇನ್ನೂ ಒಳ್ಳೆಯ ಸಾಕ್ಷಿ. ಬಾಗಿಲು ಮುಚ್ಚಿ ಹಿಂದಿನ ಅಂಚಿನ ಸಂದನ್ನು ಮೇಲಿಂದ ಕೆಳಕ್ಕೆ ನೋಡಿ. ಮೇಲೆ ಕಿರಿದು, ಕೆಳಗೆ ಅಗಲ ಎಂದಾದರೆ ಬಾಡಿ ನಡುವೆ ಕುಸಿದಿದೆ ಎಂದರ್ಥ. ನಡು ತಗ್ಗಿದಾಗ ಮುಂಗಂಬ, ಹಿಂಗಂಬಗಳ ತಲೆಗಳು ಒಂದರ ಕಡೆಗೊಂದು ವಾಲುತ್ತವೆ. ಇಂಥ ಕಾರಿನಲ್ಲಿ ಇಬ್ಬರು ಕೂತ ಮೇಲೆ ಬಾಗಿಲು ತೆಗೆಯಲು ಒದ್ದಾಡಬೇಕಾಗುತ್ತದೆ.

ನೆಲದ ತಗಡು ಸಾಮಾನ್ಯವಾಗಿ ಮೇಲಿನಿಂದ ಕೊಳೆಯುತ್ತದೆ. ಗಾಜಿನ ರಬ್ಬರಿನಿಂದಲೋ ಹೀಟರ್ ವಾಲ್ವ್‌ನಿಂದಲೋ ಸೋರಿದ ನೀರನ್ನು ಕಾರ್ಪೆಟ್ ಹೀರಿಕೊಂಡು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಬಲ್ಕ್‌ಹೆಡ್ ಮೇಲೆ, ಅಂದರೆ ಎಂಜಿನ್ನಿಗೂ ಕಾಲಿಡುವ ಜಾಗಕ್ಕೂ ನಡುವಿನ ತಗಡಿನ ಗೋಡೆಯ ಮೇಲೆ, ಬ್ಯಾಟರಿ ಕೂರುವ ತಟ್ಟೆಯನ್ನು ಆಸಿಡ್ ತಿನ್ನುತ್ತದೆ. ಅಲ್ಲೇ ಬ್ರೇಕ್ ಮಾಸ್ಟರ್ ಸಿಲಿಂಡರ್ ಸೋರಿದರೆ ಬ್ರೇಕ್ ಆಯಿಲ್ ಬಣ್ಣವನ್ನೇ ಕಿತ್ತುಹಾಕುತ್ತದೆ. ಡಿಕ್ಕಿಯ ತಳ, ಹಿಂದಿನ ಚಕ್ರದ ಕಮಾನು, ಇವೂ ಪಟ್ಟಿಯಲ್ಲಿವೆ.

ಇವೆಲ್ಲಕ್ಕಿಂತ ಅಪಾಯದ್ದು ಸೀಟಿನ ಹಿಂದೆ. ಹಿಂದಿನ ಚಕ್ರಗಳು ಹಿಂದುಮುಂದಾಗದಂತೆ ತಡೆಯುವ ರೇಡಿಯಸ್ ಆರ್ಮ್‌ನ ಮುಂದಿನ ತುದಿ ಕೂರುವುದು ಚಾಸಿಸ್‌ಗಲ್ಲ, ಬಾಡಿಗೆ. ಸೀಟಿನ ಹಿಂದಿನ ನಿಂತ ತಗಡಿನಲ್ಲಿ ಅದರ ಬ್ರಾಕೆಟ್ ಇದೆ. ಆ ತಗಡು ಕೊಳೆತು ಬ್ರಾಕೆಟ್ ಅಲುಗಾಡಿದರೆ ಹಿಂದಿನ ಚಕ್ರ ತಾನೇ ದಿಕ್ಕು ಬದಲಿಸುತ್ತದೆ. ಸ್ಟೀರಿಂಗ್ ಹಿಡಿದವರಿಗೆ ಕಾರು ತೇಲಿದಂತೆ ಅನ್ನಿಸುತ್ತದೆ. ಅಂಥ ಕಾರನ್ನು ಓಡಿಸಲೇಬಾರದು.

ಮೊದಲು ಅಳತೆ, ಆಮೇಲೆ ಆಸರೆ

ಕೊಳೆತ ಸಿಲ್ ಇರುವ ಬಾಡಿಯನ್ನು ಹಾಗೇ ಎತ್ತಿದರೆ ಅದು ಬಾಗಿಲಿನ ಜಾಗದಲ್ಲಿ ಮಡಚಿಕೊಳ್ಳುತ್ತದೆ. ಆಗ ಮೂಲ ಆಕಾರ ಯಾವುದಿತ್ತು ಎಂದು ಹೇಳಲು ಯಾವ ಗುರುತೂ ಉಳಿಯುವುದಿಲ್ಲ. ಆದ್ದರಿಂದ ಮೊದಲ ದಿನದ ಸಾಮಾನು ಸ್ಪ್ಯಾನರ್ ಅಲ್ಲ, ಅಳತೆ ಟೇಪು.

ಕಾರು ಸಮತಟ್ಟಾದ ನೆಲದ ಮೇಲೆ ತನ್ನ ಚಕ್ರಗಳ ಮೇಲೇ ನಿಂತಿರಲಿ. ಎರಡೂ ಬದಿಯಲ್ಲಿ ಮುಂಗಂಬದಿಂದ ಹಿಂಗಂಬಕ್ಕೆ ಮೇಲ್ಗಡೆ ಎಷ್ಟು, ಕೆಳಗಡೆ ಎಷ್ಟು, ಓರೆಯಾಗಿ ಎರಡು ಮೂಲೆಗಳ ನಡುವೆ ಎಷ್ಟು ಎಂದು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಬಾಗಿಲಿನ ಸಂದನ್ನೂ ನಾಲ್ಕೈದು ಕಡೆ ಅಳೆಯಿರಿ. ಈಗಾಗಲೇ ಕುಸಿದಿದ್ದರೆ ಸಂದು ಸರಿಯಾಗುವವರೆಗೆ ನಡುವೆ ಮರದ ಹಲಗೆ ಕೊಟ್ಟು ಜ್ಯಾಕ್‌ನಿಂದ ನಿಧಾನವಾಗಿ ಎತ್ತಿ, ಆಮೇಲೆ ಆಸರೆ ಹಾಕಬೇಕು. ಕುಸಿದ ಆಕಾರದಲ್ಲೇ ಆಸರೆ ಹಾಕಿದರೆ ತಪ್ಪನ್ನೇ ಕಾಯಂ ಮಾಡಿದಂತೆ.

ಆಸರೆಗೆ 25 ಮಿ.ಮೀ. ಚೌಕದ, 2ರಿಂದ 3 ಮಿ.ಮೀ. ದಪ್ಪದ ಸ್ಕ್ವೇರ್ ಪೈಪ್ ಸಾಕು. ಮುಂಗಂಬದಿಂದ ಹಿಂಗಂಬಕ್ಕೆ ಒಂದು ಅಡ್ಡ, ಅದಕ್ಕೊಂದು ಓರೆ. ಎಡಬದಿಯ ಆಸರೆಯನ್ನೂ ಬಲಬದಿಯದನ್ನೂ ಕಾರಿನ ಒಳಗೆ ಇನ್ನೊಂದು ಪೈಪಿನಿಂದ ಕಟ್ಟಬೇಕು, ಇಲ್ಲದಿದ್ದರೆ ಉದ್ದ ಸರಿಯಿದ್ದು ಬಾಡಿ ತಿರುಚಿಕೊಳ್ಳುತ್ತದೆ. ಪೈಪುಗಳನ್ನು ಬಾಗಿಲಿನ ಕಿಂಡಿಯೊಳಗೆ ಹಾಕುವ ಬದಲು ಕಂಬಗಳ ಒಳಮೈಗೆ ಹಾಕುವುದು ಜಾಣತನ. ಆಗ ಆಸರೆ ಇರುವಾಗಲೇ ಬಾಗಿಲು ಕೂರಿಸಿ ಸಂದು ನೋಡಬಹುದು. ಆಸರೆಯ ತುದಿಯನ್ನು ಗಟ್ಟಿ ತಗಡಿಗೇ ಬೆಸೆಯಿರಿ, ಕೊಳೆತದ್ದಕ್ಕೆ ಬೆಸೆದರೆ ಎತ್ತುವಾಗ ಕಿತ್ತುಬರುತ್ತದೆ.

ಬಿಚ್ಚಬೇಕಾದವು

ಬ್ಯಾಟರಿ ಮೊದಲು. ನಂತರ ಪೆಟ್ರೋಲ್ ಖಾಲಿ ಮಾಡಿ ಟ್ಯಾಂಕನ್ನು ಕಾರಿನಿಂದ ಹೊರಗಿಡಿ, ಮುಂದೆ ವೆಲ್ಡಿಂಗ್ ಇದೆ. ಬಾನೆಟ್ಟನ್ನು ಮುಂದಿನ ಕೀಲುಗಳಿಂದ ಬಿಚ್ಚಲು ಇಬ್ಬರು ಬೇಕು. ಸೀಟು, ಕಾರ್ಪೆಟ್, ಗೇರ್‌ಬಾಕ್ಸ್ ಮೇಲಿನ ಮುಚ್ಚಳ, ಗೇರ್ ಲಿವರ್ ಎಲ್ಲ ಹೊರಗೆ.

ಬಾಡಿಗೂ ಚಾಸಿಸ್‌ಗೂ ನಡುವೆ ದಾಟುವ ಪ್ರತಿಯೊಂದನ್ನೂ ಬೇರ್ಪಡಿಸಬೇಕು: ಸ್ಟೀರಿಂಗ್ ಕಾಲಂನ ಕೆಳಗಿನ ಜೋಡಣೆ, ಬ್ರೇಕ್ ಮತ್ತು ಕ್ಲಚ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಹೀಟರ್ ಹೋಸು, ಆಕ್ಸಿಲರೇಟರ್, ಚೋಕ್, ಸ್ಪೀಡೊಮೀಟರ್ ಕೇಬಲ್, ಪೆಟ್ರೋಲ್ ಪೈಪು, ಎಂಜಿನ್ ಕಡೆಯ ವೈರು, ಅರ್ತ್ ಪಟ್ಟಿ. ಮರೆತುಹೋಗುವುದು ರೇಡಿಯಸ್ ಆರ್ಮ್. ಅದು ಬಾಡಿಗೆ ಸೇರಿದ್ದು ಎಂಬುದು ನೆನಪಿಲ್ಲದೆ ಎತ್ತಲು ಹೋದರೆ ಬಾಡಿಯ ಹಿಂಭಾಗ ಮೇಲೇಳುವುದೇ ಇಲ್ಲ, ಬಲವಂತ ಮಾಡಿದರೆ ಬ್ರಾಕೆಟ್ ತಗಡು ಹರಿಯುತ್ತದೆ. ಎಂಜಿನ್, ಗೇರ್‌ಬಾಕ್ಸ್ ಚಾಸಿಸ್ ಮೇಲೇ ಇರಬಹುದು, ಬಾಡಿ ಬಲ್ಕ್‌ಹೆಡ್‌ಗೇ ಮುಗಿಯುವುದರಿಂದ ಅವು ಅಡ್ಡ ಬರುವುದಿಲ್ಲ.

ಬಾಡಿ ಬೋಲ್ಟ್‌ಗಳು ಬಲ್ಕ್‌ಹೆಡ್ ಬುಡದಲ್ಲಿ, ನಡುವಿನ ಬೆನ್ನೆಲುಬಿನುದ್ದಕ್ಕೆ, ಸೀಟಿನ ಹಿಂದೆ ಮತ್ತು ಡಿಕ್ಕಿಯ ನೆಲದಲ್ಲಿವೆ. ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುವುದರಿಂದ ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನುಯಲ್ ಚಿತ್ರದ ಮೇಲೆ ಒಂದೊಂದನ್ನೇ ಗುರುತು ಹಾಕುತ್ತಾ ಹೋಗಿ. ಇಲ್ಲಿನ ಬೋಲ್ಟ್‌ಗಳು ಇಂಚಿನ ಲೆಕ್ಕದವು. 5/16 ಇಂಚಿನ ಯುಎನ್ಎಫ್ (ಇಂಚಿನ ಅಳತೆಯ ಸಣ್ಣ ಥ್ರೆಡ್‌ನ) ಬೋಲ್ಟ್‌ಗೆ 1/2 ಇಂಚಿನ ಸ್ಪ್ಯಾನರ್, 3/8 ಬೋಲ್ಟ್‌ಗೆ 9/16 ಸ್ಪ್ಯಾನರ್. ಹತ್ತಿರದ ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ತಲೆ ಉರುಟಾಗುತ್ತದೆ.

ಎಷ್ಟೋ ಕಡೆ ನಟ್ ಚಾಸಿಸ್ ಒಳಗೇ ಬೆಸೆದಿರುತ್ತದೆ, ಕೈಗೆ ಸಿಗುವುದಿಲ್ಲ. ಬೋಲ್ಟ್ ತುಕ್ಕಿನಿಂದ ಹಿಡಿದುಕೊಂಡಿದ್ದರೆ ಜೋರು ಮಾಡಿದಾಗ ಬೋಲ್ಟ್ ತುಂಡಾಗುತ್ತದೆ, ಇಲ್ಲವೇ ಒಳಗಿನ ನಟ್ ಕಿತ್ತು ಸುಮ್ಮನೆ ಸುತ್ತುತ್ತದೆ. ಕೆಲಸ ಶುರುವಾಗುವ ಒಂದು ವಾರ ಮೊದಲಿನಿಂದಲೇ ದಿನಾ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಿರಿ. ಬಿಚ್ಚುವಾಗ ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಮರಳಿ ಬಿಗಿಮಾಡಿ, ಮತ್ತೆ ಬಿಚ್ಚಿ. ಆಗದಿದ್ದರೆ ತಲೆ ಕತ್ತರಿಸಿ, ಬಾಡಿ ಎತ್ತಿದ ಮೇಲೆ ಉಳಿದದ್ದನ್ನು ಡ್ರಿಲ್ ಮಾಡಿ ತೆಗೆಯುವುದೇ ವಾಸಿ.

ಪ್ರತಿ ಬೋಲ್ಟ್‌ನ ಜಾಗದಲ್ಲಿ ಬಾಡಿಗೂ ಚಾಸಿಸ್‌ಗೂ ನಡುವೆ ಪ್ಯಾಡು, ಅದರ ಜೊತೆ ಕೆಲವೊಮ್ಮೆ ಶಿಮ್ ಎಂಬ ತೆಳು ತಗಡಿನ ಬಿಲ್ಲೆಗಳಿರುತ್ತವೆ. ಕಾರ್ಖಾನೆಯಲ್ಲಿ ಬಾಗಿಲಿನ ಸಂದು ಹೊಂದಿಸಿದ್ದೇ ಇವುಗಳಿಂದ. ಯಾವ ಜಾಗದಲ್ಲಿ ಎಷ್ಟಿತ್ತು ಎಂದು ಬೇರೆ ಬೇರೆ ಚೀಲಕ್ಕೆ ಹಾಕಿ ಬರೆದಿಡಿ.

ಎತ್ತುವುದು ನಿಜಕ್ಕೂ ಸಣ್ಣ ಕೆಲಸ. ಇಡೀ ಕಾರೇ 700ರಿಂದ 800 ಕೆ.ಜಿ. ಆಸುಪಾಸಿನದು. ಬಿಚ್ಚಿದ ಬಾಡಿಯನ್ನು ನಾಲ್ಕು ಮಂದಿ ಕೈಯಲ್ಲೇ ಎತ್ತಬಹುದು. ಅರ್ಧ ಅಡಿ ಎತ್ತಿ ನಿಲ್ಲಿಸಿ, ಐದನೆಯವರು ಸುತ್ತ ನೋಡಿ ವೈರೋ ಪೈಪೋ ಸಿಕ್ಕಿಕೊಂಡಿಲ್ಲ ಎಂದ ಮೇಲಷ್ಟೇ ಮುಂದಿನ ಹೆಜ್ಜೆ. ಕೆಳಗಿಳಿಸುವಾಗ ಸ್ಟ್ಯಾಂಡುಗಳು ಬಲ್ಕ್‌ಹೆಡ್ ಕೆಳಗೂ ಹಿಂದಿನ ನೆಲದ ಕೆಳಗೂ ಇರಲಿ.

ಬರಿದಾದ ಚಾಸಿಸ್

ಈಗ ಮೊದಲ ಬಾರಿಗೆ ಚಾಸಿಸ್‌ನ ಮೇಲ್ಮೈ ಕಾಣುತ್ತದೆ. ಎಂಜಿನ್, ಸಸ್ಪೆನ್ಷನ್ ಕೂಡ ಕಳಚಿ, ಮರಳು ಹೊಡೆಸಿ, ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ತೆಳುವಾದ ಕಡೆ ತಗ್ಗು ಬೀಳುತ್ತದೆ. ಬಲ್ಕ್‌ಹೆಡ್ ಹೊರುವ ಮುಂದಿನ ತೋಳುಗಳನ್ನೂ ಡಿಫರೆನ್ಷಿಯಲ್ ಸುತ್ತಲಿನ ಭಾಗವನ್ನೂ ವಿಶೇಷವಾಗಿ ನೋಡಿ. ಮುಂಭಾಗ ಗುದ್ದಿ ಬಾಗಿದೆಯೇ ಎನ್ನುವುದು ಓರೆ ಅಳತೆಯಲ್ಲಿ ಗೊತ್ತಾಗುತ್ತದೆ.

ಕೆಲವರು ಚಾಸಿಸ್ಸನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಸತುವಿನಲ್ಲಿ ಅದ್ದಿಸುತ್ತಾರೆ. ಒಳಗೂ ಹೊರಗೂ ಲೇಪ ಸಿಗುತ್ತದೆ ನಿಜ, ಆದರೆ ಮುಚ್ಚಿದ ಪೆಟ್ಟಿಗೆ-ತೊಲೆಗಳಿಗೆ ಗಾಳಿ ಹೋಗುವ ತೂತಿಲ್ಲದಿದ್ದರೆ ಸಿಡಿಯುವ ಅಪಾಯವಿದೆ, ಕಾವಿಗೆ ಚೌಕಟ್ಟು ಬಾಗಬಹುದು, ನಟ್‌ಗಳ ಒಳಗಿನ ಥ್ರೆಡ್ ಸತುವಿನಿಂದ ತುಂಬಿ ಅದನ್ನು ಟ್ಯಾಪ್ ಎಂಬ ಉಪಕರಣದಿಂದ ಮತ್ತೆ ಕೊರೆಯಬೇಕಾಗುತ್ತದೆ. ಪೌಡರ್ ಕೋಟಿಂಗ್ ಅಂದ, ಆದರೆ ಒಂದು ಕಡೆ ಕಲ್ಲು ತಾಗಿ ಎದ್ದರೆ ಅದರಡಿಯಲ್ಲೇ ತುಕ್ಕು ಹರಡುತ್ತದೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಗಟ್ಟಿ ಚಾಸಿಸ್ ಪೇಂಟ್ ಸಾಕು. ಗೀಚಾದರೆ ಮತ್ತೆ ಬಳಿಯಬಹುದು.

ಸಿಲ್ ಬದಲಿಸುವುದು ಚಾಸಿಸ್ ಮೇಲೇ

ಹೊಸಬರು ತಪ್ಪುವುದು ಇಲ್ಲೇ. ಬಾಡಿ ಹೇಗೂ ಕೆಳಗಿದೆ, ಸಿಲ್ ಕತ್ತರಿಸಿ ಹೊಸದು ಬೆಸೆದುಬಿಡೋಣ ಎಂದುಕೊಳ್ಳುತ್ತಾರೆ. ಹಾಗೆ ಮಾಡಿ ಚಾಸಿಸ್ ಮೇಲೆ ಇಟ್ಟಾಗ ಬೋಲ್ಟ್‌ನ ತೂತು ಕೂರುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ. ಬಾಡಿ ಕೆಳಗಿರುವಾಗ ತಳ ಕೆರೆಯುವುದು, ಬಲ್ಕ್‌ಹೆಡ್, ಡಿಕ್ಕಿಯ ದುರಸ್ತಿ ಮಾಡಿ. ಸಿಲ್ ಮುಟ್ಟುವ ಮೊದಲು ಬಾಡಿಯನ್ನು ಆಸರೆ ಸಮೇತ ದುರಸ್ತಿಯಾದ ಚಾಸಿಸ್ ಮೇಲಿಟ್ಟು, ಶಿಮ್ ಹಾಕಿ, ಬೋಲ್ಟ್ ಬಿಗಿದು, ಬಾಗಿಲು ತೂಗಿಸಿ, ಬರೆದಿಟ್ಟ ಅಳತೆಗೆ ತನ್ನಿ. ಸಿಲ್ ತೀರಾ ಪುಡಿಯಾಗಿದ್ದರೆ ಕ್ರಮ ತಿರುವುಮುರುವಾಗುತ್ತದೆ: ಹಳೇ ಚಾಸಿಸ್ ಮೇಲೇ ಸಿಲ್ ಮುಗಿಸಿ, ಆಮೇಲೆ ಎತ್ತಬೇಕು.

ಒಂದು ಸಲಕ್ಕೆ ಒಂದೇ ಬದಿ. ತಗಡುಗಳನ್ನು ಕಾರ್ಖಾನೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಸೆದದ್ದೇ ಸ್ಪಾಟ್ ವೆಲ್ಡ್. ಸ್ಪಾಟ್ ವೆಲ್ಡ್‌ಗಳನ್ನು 8 ಮಿ.ಮೀ. ಸ್ಪಾಟ್ ವೆಲ್ಡ್ ಕಟರ್‌ನಿಂದ ಬಿಡಿಸಿ ಹೊರ ಸಿಲ್ ತೆಗೆಯಿರಿ. ಒಳಗಿನಿಂದ ಬೊಗಸೆಗಟ್ಟಲೆ ಕೆಂಪು ಪುಡಿ ಉದುರುತ್ತದೆ, ಅದರಲ್ಲಿ ಅರ್ಧ ಮಣ್ಣು, ಅರ್ಧ ಒಂದು ಕಾಲಕ್ಕೆ ತಗಡಾಗಿದ್ದದ್ದು. ಕಟ್ಟುವ ಕ್ರಮ ಒಳಗಿನಿಂದ ಹೊರಕ್ಕೆ: ನೆಲ, ಒಳ ಸಿಲ್, ಬಲವರ್ಧಕ, ಕೊನೆಗೆ ಹೊರ ಸಿಲ್. ಹೊರಮೈಗೆ 0.9 ಮಿ.ಮೀ., ಭಾರ ಹೊರುವ ಒಳಭಾಗಕ್ಕೆ 1.2 ಮಿ.ಮೀ. ತಗಡು ರೂಢಿ. ಮಾರುಕಟ್ಟೆಯ ಸಿದ್ಧ ಪ್ಯಾನೆಲ್‌ಗಳು ಒಂದೇ ಗುಣಮಟ್ಟದವಲ್ಲ, ಅಂಚು ಹೊಂದದಿದ್ದರೆ ಪ್ಯಾನೆಲ್ ತಿದ್ದಬೇಕೇ ಹೊರತು ಕಾರನ್ನಲ್ಲ.

ಬೆಸೆಯುವ ಮೊದಲು ಕ್ಲಾಂಪ್, ಸ್ಕ್ರೂ ಹಾಕಿ ಹಿಡಿಸಿ, ಬಾಗಿಲು ಮುಚ್ಚಿ ನೋಡಿ. ಸುತ್ತಲೂ 4ರಿಂದ 5 ಮಿ.ಮೀ. ಸಂದು ಸಿಕ್ಕಿದರೆ ಟ್ಯಾಕ್, ಅಂದರೆ ತಾತ್ಕಾಲಿಕವಾಗಿ ಹಿಡಿಸುವ ಸಣ್ಣ ಬೆಸುಗೆ, ಹಾಕಬಹುದು. 0.6 ಮಿ.ಮೀ. ತಂತಿಯ ಮಿಗ್ ವೆಲ್ಡರ್, ಆರ್ಗಾನ್-ಕಾರ್ಬನ್ ಡೈಆಕ್ಸೈಡ್ ಮಿಶ್ರ ಅನಿಲ ಈ ತಗಡಿಗೆ ಸರಿ. ಕಾರ್ಖಾನೆಯ ಸ್ಪಾಟ್ ವೆಲ್ಡ್ ಬದಲಿಗೆ ಮೇಲಿನ ತಗಡಿನಲ್ಲಿ 5ರಿಂದ 6 ಮಿ.ಮೀ. ತೂತು ಕೊರೆದು, 25ರಿಂದ 30 ಮಿ.ಮೀ. ಅಂತರದಲ್ಲಿ ತುಂಬಿಸುತ್ತಾ ಹೋಗಬೇಕು. ಜೋಡಣೆಯ ಒಳಮೈಗೆ ಸತುವಿನ ವೆಲ್ಡ್ ಪ್ರೈಮರ್ ಮೊದಲೇ ಬಳಿದಿರಬೇಕು, ಮುಚ್ಚಿದ ಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ.

ಒಂದೇ ಸಮನೆ ಗೆರೆ ಎಳೆದರೆ ಕಾವಿಗೆ ಹಿಗ್ಗಿದ ತಗಡು ಆರುವಾಗ ಕುಗ್ಗಿ ಸಿಲ್ಲನ್ನೇ ಬಿಲ್ಲಿನಂತೆ ಬಾಗಿಸುತ್ತದೆ. ಮುಂದೊಂದು, ಹಿಂದೊಂದು, ನಡುವೊಂದು ಎಂದು ಹಾರಿಸಿ ಬೆಸೆಯಿರಿ, ತಾನಾಗಿ ಆರಲು ಬಿಡಿ. ನೀರು ಹಾಕಿ ತಣಿಸಬೇಡಿ. ನಾಲ್ಕೈದು ವೆಲ್ಡ್‌ಗೊಮ್ಮೆ ಬಾಗಿಲು ಮುಚ್ಚಿ ನೋಡುವ ತಾಳ್ಮೆ ಇದ್ದವರ ಕಾರು ನೆಟ್ಟಗಿರುತ್ತದೆ. ಅಂಡರ್‌ಸೀಲ್ ಬೇಗ ಹೊತ್ತಿಕೊಳ್ಳುವುದರಿಂದ ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಬಣ್ಣ, ಮೇಣ, ಅರ್ತ್

ಎರಡೂ ಸಿಲ್ ಮುಗಿದ ಮೇಲೆ ಆಸರೆ ಕತ್ತರಿಸಿ. ಹೊರಮೈ ತಗಡಿಗೆ ಒರಟು ಮರಳನ್ನು ಜೋರಾಗಿ ಹೊಡೆಸಬೇಡಿ, ಬಾನೆಟ್‌ನಂಥ ಅಗಲದ ತೆಳು ತಗಡು ಉಬ್ಬುತಗ್ಗಾಗುತ್ತದೆ. ಜೋಡಣೆಗಳಿಗೆ ಸೀಮ್ ಸೀಲರ್, ಬಣ್ಣವಾದ ಮೇಲೆ ಸಿಲ್ ಒಳಗೆ ಉದ್ದ ನಳಿಗೆಯಿಂದ ಕ್ಯಾವಿಟಿ ವ್ಯಾಕ್ಸ್ ತುಂಬಿಸಿ. ಹಾಗೆ ಮಾಡುವಾಗ ತಳದ ನೀರಿನ ತೂತುಗಳು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಎಲ್ಲ ಜೋಡಿಸಿದ ಮೇಲೆ ಹೆಡ್‌ಲೈಟ್ ಮಂಕಾಗಿ, ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣುಕಿದರೆ ವೈರಿಂಗ್ ಕಿತ್ತುಹಾಕಲು ಹೋಗಬೇಡಿ. ಹೊಸ ಬಣ್ಣವೇ ಅರ್ತ್ ತಡೆದಿರುತ್ತದೆ. ಅರ್ತ್ ಬೋಲ್ಟ್ ಕೂರುವ ಕಡೆ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿಸಿ. ಬ್ಯಾಟರಿ ಕೂರಿಸುವಾಗಲೂ ಮಾಡೆಲ್ ನೋಡಿ: ಮಾರ್ಕ್ 1, ಮಾರ್ಕ್ 2 ಸ್ಪಿಟ್‌ಫೈರ್‌ಗಳಲ್ಲಿ ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರುತ್ತದೆ), 1967ರ ಮಾರ್ಕ್ 3ರಿಂದ ನೆಗೆಟಿವ್. ಬ್ರೇಕ್, ಕ್ಲಚ್ ಪೈಪುಗಳ ಗಾಳಿ ತೆಗೆದು, ಚಕ್ರದ ಅಲೈನ್‌ಮೆಂಟ್ ಮಾಡಿಸಿ, ಮೊದಲ ಕೆಲವು ನೂರು ಕಿ.ಮೀ. ಓಡಿದ ಮೇಲೆ ಬಾಡಿ ಬೋಲ್ಟ್‌ಗಳನ್ನೂ ರೇಡಿಯಸ್ ಆರ್ಮ್ ಬ್ರಾಕೆಟ್ಟನ್ನೂ ಮತ್ತೊಮ್ಮೆ ಬಿಗಿ ನೋಡಿ. ಹೊಸ ಪ್ಯಾಡುಗಳು ಅಷ್ಟರಲ್ಲಿ ಸ್ವಲ್ಪ ಕೂತಿರುತ್ತವೆ.